ಕೈಪಿಡಿ ಹಿಡಿದು ಕಾರವಾರಕ್ಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಡಿಬಾಗದಲ್ಲಿರುವ ನಮ್ಮ ಮನೆಯ ಮಾಳಿಗೆಯ ಎರಡು ಕೋಣೆಗಳನ್ನು ಕೆಲವು ವರ್ಷಗಳಿಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಇತ್ತೀಚೆಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದೇ ಪ್ರವಾಸಿ ಕೈಪಿಡಿ ಇರುತ್ತದೆ. ಹೊರಗಿನವರೊಬ್ಬರು ನಮ್ಮ ಊರಿಗೆ ಬಂದು, ಕೆಲವು ದಿನ ಉಳಿದು, ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು ಅದು. ಅತಿಥಿಯೊಬ್ಬರು ಅದರ ಒಂದು ಪ್ರತಿಯನ್ನು ನಮ್ಮಲ್ಲಿ ಮರೆತು ಹೋದರು. ಆ ಪ್ರತಿ ನೆರೆಮನೆ, ರಿಕ್ಷಾ ನಿಲ್ದಾಣ, ಮೀನು ಮಾರುಕಟ್ಟೆಯ ಹತ್ತಿರದ ಚಹಾದಂಗಡಿ ಎಲ್ಲವನ್ನೂ ಸುತ್ತಿ, ಪುಟದ ಅಂಚುಗಳಲ್ಲಿ ನಾಲ್ಕೈದು ಜನರ ಕೈಬರಹ ಹೊತ್ತುಕೊಂಡು ಮತ್ತೆ ನಮ್ಮ ಮನೆಗೇ ಬಂತು. ಕೆಳಗಿನ ಉತ್ತರಗಳಲ್ಲಿ ನನ್ನ ಮಾತು ಎಷ್ಟಿದೆಯೋ ಆ ಅಂಚಿನ ಬರಹಗಳ ಪಾಲೂ ಅಷ್ಟೇ ಇದೆ.

ಕೈಪಿಡಿಯ ಮೇಲೆ ಊರಿನವರಿಗೆ ಸಿಟ್ಟಿದೆಯೇ?

ಸಿಟ್ಟು ಎನ್ನುವಷ್ಟು ದೊಡ್ಡದೇನೂ ಇಲ್ಲ. ಮೊದಲ ಪುಟದಲ್ಲಿ "ಕರ್ನಾಟಕದ ಕಾಶ್ಮೀರ" ಎಂಬ ಮಾತಿದೆ. ಅದರ ಪಕ್ಕದಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ "ಮೇ ತಿಂಗಳಲ್ಲಿ ಬಂದು ಹೇಳಲಿ" ಎಂದು ಬರೆದಿದ್ದಾರೆ. ದೂರ, ಇಸವಿ, ಹೆಸರುಗಳಲ್ಲಿ ಆದ ತಪ್ಪುಗಳನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ನಮಗೆ ಕೊರತೆಯಾಗಿ ಕಂಡದ್ದು ಚಿತ್ರಗಳು. ಅವುಗಳಲ್ಲಿ ದೋಣಿ ಇದೆ, ದೋಣಿ ತಳ್ಳುವವರಿಲ್ಲ. ಬಲೆ ಇದೆ, ಬಲೆ ಹೆಣೆಯುವವರಿಲ್ಲ. ಕಡಲತೀರದ ವರ್ಣನೆಯಲ್ಲಿ "ನಿರ್ಜನ" ಎಂಬ ಪದ ಮೇಲಿಂದ ಮೇಲೆ ಬರುತ್ತದೆ. ಆ ಪದ ಬಂದಲ್ಲೆಲ್ಲ ಒಬ್ಬರು ಗೆರೆ ಎಳೆದು, ಅಲ್ಲಿ ವಾಸಿಸುವವರ ಕೇರಿಯ ಹೆಸರನ್ನು ಬರೆದಿಟ್ಟಿದ್ದಾರೆ.

"ಕಾರವಾರದ ಸುತ್ತಮುತ್ತ" ಎಂಬ ಪಟ್ಟಿಯಲ್ಲಿರುವುದನ್ನೆಲ್ಲ ಎರಡು ದಿನಗಳಲ್ಲಿ ನೋಡಿ ಮುಗಿಸಬಹುದೇ?

ಸಾಧ್ಯವಿಲ್ಲ. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್, ಅದರಲ್ಲಿ ಬಹುಪಾಲು ಕಾಡು ಮತ್ತು ಘಟ್ಟ. ಜಿಲ್ಲಾಕೇಂದ್ರವಾದ ಕಾರವಾರವು ಈ ಜಿಲ್ಲೆಯ ವಾಯವ್ಯ ಮೂಲೆಯಲ್ಲಿದೆ. ಜಿಲ್ಲೆಯ ಎಲ್ಲ ಊರಿನವರೂ ಕಚೇರಿ ಕೆಲಸಕ್ಕೆ ಇಲ್ಲಿಗೇ ಬರಬೇಕಾದುದರಿಂದ, ಆ ದೂರ ಎಷ್ಟೆಂಬುದು ಭಟ್ಕಳದವರಿಗೂ ಸಿದ್ದಾಪುರದವರಿಗೂ ಚೆನ್ನಾಗಿ ಗೊತ್ತು. ಕೈಪಿಡಿಯು ಗೋಕರ್ಣ, ಯಾಣ, ಮುರ್ಡೇಶ್ವರ, ಜೋಗ, ದಾಂಡೇಲಿ ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿದೆ. ಗೋಕರ್ಣ ಸುಮಾರು 60 ಕಿಲೋಮೀಟರ್; ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮುರ್ಡೇಶ್ವರ ಸುಮಾರು 120 ಕಿಲೋಮೀಟರ್ ದೂರದ ಭಟ್ಕಳ ತಾಲ್ಲೂಕಿನಲ್ಲಿದೆ. ಯಾಣ ಕುಮಟಾ ತಾಲ್ಲೂಕಿಗೆ ಸೇರಿದ್ದು. ಜೋಗವಂತೂ ಹೊನ್ನಾವರದಿಂದ ಘಟ್ಟ ಹತ್ತಿದ ಮೇಲೆ ಶಿವಮೊಗ್ಗ ಜಿಲ್ಲೆಯಲ್ಲಿ ಸಿಗುತ್ತದೆ. ದಾಂಡೇಲಿಗೆ ಅಣಶಿ ಘಟ್ಟದ ದಾರಿ. ನಕಾಶೆಯಲ್ಲಿ ಅದು ಗೇಣುದ್ದ ಕಂಡರೂ ಹೊಟ್ಟೆ ತೊಳಸುವವರಿಗೆ ಅರ್ಧ ದಿನದ ಶಿಕ್ಷೆ. ನಮ್ಮ ಸಲಹೆಯೆಂದರೆ, ಎರಡೇ ದಿನ ಇದ್ದರೆ ಕಾಳಿ ನದಿಯ ಎರಡು ದಂಡೆಗಳನ್ನು ಬಿಟ್ಟು ಹೋಗಬೇಡಿ.

ರೈಲು ನಿಲ್ದಾಣದಿಂದ ಕಡಲತೀರಕ್ಕೆ ನಡೆದು ಹೋಗಬಹುದೆಂದು ಬರೆದಿದೆ. ನಿಜವೇ?

ನಿಲ್ದಾಣ ಇರುವುದು ಶಿರವಾಡದಲ್ಲಿ. ಅಲ್ಲಿಂದ ಪೇಟೆಗೆ ಆರೇಳು ಕಿಲೋಮೀಟರ್. ಕೊಂಕಣ ರೈಲು ಮಾರ್ಗವು ಗುಡ್ಡದ ಬದಿಯಿಂದಲೇ ಸಾಗುವುದರಿಂದ ಕರಾವಳಿಯ ಹಲವು ಊರುಗಳ ನಿಲ್ದಾಣಗಳು ಹೀಗೆಯೇ ಪೇಟೆಯಿಂದ ದೂರ ಇವೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಬೆಳಿಗ್ಗೆ ನಿಲ್ದಾಣದ ಹೊರಗೆ ರಿಕ್ಷಾ ಹಿಡಿಯುವುದೇ ಸರಿ. ಗಂಟುಮೂಟೆ ಹೊತ್ತು ನಡೆದು ಬಂದವರನ್ನು ನಾವು ಕಂಡಿದ್ದೇವೆ; ಅವರು ಆ ದಿನ ಬೇರೆ ಏನನ್ನೂ ನೋಡಲಿಲ್ಲ.

ರವೀಂದ್ರನಾಥ ಟ್ಯಾಗೋರರು ಗೀತಾಂಜಲಿಯನ್ನು ಬರೆದದ್ದು ಇಲ್ಲಿಯೇ ಅಲ್ಲವೇ? ಅವರ ಮನೆ ಎಲ್ಲಿದೆ?

ಗೀತಾಂಜಲಿಗೂ ಕಾರವಾರಕ್ಕೂ ಸಂಬಂಧವಿಲ್ಲ. ಬಂಗಾಳಿ ಗೀತಾಂಜಲಿ ಪ್ರಕಟವಾದದ್ದು 1910ರಲ್ಲಿ. ಟ್ಯಾಗೋರರು ಇಲ್ಲಿಗೆ ಬಂದಾಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಭಾರತೀಯರಲ್ಲಿ ಮೊದಲಿಗರಾಗಿ ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐ.ಸಿ.ಎಸ್. ಸೇರಿದ ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ರವೀಂದ್ರನಾಥರು ಆ ಅಣ್ಣನ ಮನೆಗೆ ಬಂದು ಉಳಿದಿದ್ದರು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅವರು ಇಲ್ಲಿದ್ದಾಗ ಬರೆದದ್ದು "ಪ್ರಕೃತಿರ್ ಪ್ರತಿಶೋಧ್" ಎಂಬ ನಾಟಕ. ಕಾರವಾರದಿಂದ ಮರಳಿದ ಕೆಲವೇ ದಿನಗಳಲ್ಲಿ, 1883ರ ಡಿಸೆಂಬರಿನಲ್ಲಿ, ಅವರ ಮದುವೆಯಾಯಿತು.

ಈ ವಿಷಯದಲ್ಲಿ ಕೈಪಿಡಿಯು ಬಿಟ್ಟಿರುವ ಒಂದು ಸಂಗತಿ ನಮಗೆ ಬಹಳ ಪ್ರಿಯವಾದದ್ದು. ಒಂದು ಬೆಳದಿಂಗಳ ರಾತ್ರಿ ಅವರೆಲ್ಲ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೋಗಿ, ಗುಡ್ಡದ ಕೋಟೆಯ ಹತ್ತಿರ ಇಳಿದು, ಹಿಂದಿರುಗುವಾಗ ಇಳಿತದ ನೀರಿನೊಂದಿಗೆ ಅಳಿವೆಯವರೆಗೆ ಬಂದು, ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಟ್ಯಾಗೋರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆದ್ದರಿಂದ ಮನೆ ಎಲ್ಲಿದೆ ಎಂದು ಹುಡುಕುವ ಬದಲು ಅಳಿವೆಯ ಕಡೆಯಿಂದ ಪೇಟೆಯ ಕಡೆಗೆ ಒಂದು ಸಂಜೆ ಮರಳಿನ ಮೇಲೆ ನಡೆದರೆ ಅವರು ನಡೆದ ದಾರಿಗೆ ಇನ್ನೂ ಹತ್ತಿರ ಹೋದಂತಾಗುತ್ತದೆ. ಆಗ ಇದ್ದ ಗಾಳಿಮರದ ಸಾಲು ಈಗ ಅಲ್ಲಲ್ಲಿ ಮಾತ್ರ ಉಳಿದಿದೆ, ಹೆದ್ದಾರಿಯ ವಾಹನಗಳ ಸದ್ದು ಹೊಸದು.

ಕಡಲತೀರದಲ್ಲಿರುವ ಯುದ್ಧನೌಕೆ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದೇ?

ಇಲ್ಲ. ಇದು ಕೈಪಿಡಿಯೊಂದರದ್ದೇ ತಪ್ಪಲ್ಲ, ನಮ್ಮ ಮಕ್ಕಳಿಗೂ ನಾವು ಹಾಗೆಯೇ ಹೇಳುತ್ತ ಬಂದಿದ್ದೆವು. ಇಲ್ಲಿರುವ "ಐಎನ್‌ಎಸ್ ಚಪಲ್" ಸೋವಿಯತ್ ಮಾದರಿಯ ಕ್ಷಿಪಣಿ ದೋಣಿ. ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು ಅದಕ್ಕಿಂತ ಹಿಂದಿನ ತಂಡದ ನಿರ್ಘಾತ್, ನಿಪಾತ್ ಮತ್ತು ವೀರ್ ಎಂಬ ದೋಣಿಗಳು. ಚಪಲ್ ಅವುಗಳ ತಂಗಿಯೆಂದರೆ ತಪ್ಪಾಗದು. ಪಕ್ಕದಲ್ಲಿರುವ ದೊಡ್ಡ ವಿಮಾನ ಟುಪೊಲೆವ್ ಟಿಯು-142. ಸಮುದ್ರದ ಮೇಲೆ ದೂರದವರೆಗೆ ಗಸ್ತು ತಿರುಗುತ್ತಿದ್ದ ಇದು 2017ರಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ಸೇವೆ ಮುಗಿಸಿದ ಪಡೆಗೆ ಸೇರಿದ್ದು. ನೌಕೆಯ ಒಳಗೆ ಬಾಗಿಲುಗಳು ಬಹಳ ಗಿಡ್ಡ. ಎತ್ತರದವರು ತಲೆ ಜೋಪಾನ.

ಕೈಪಿಡಿ ಹೇಳುವ ಹಾಗೆ ಬೆಳಗಿನ ಹೊತ್ತು ಟ್ಯಾಗೋರ್ ಕಡಲತೀರ ಖಾಲಿ ಇರುತ್ತದೆಯೇ?

ಅತಿ ಹೆಚ್ಚು ಅಂಚಿನ ಬರಹಗಳು ಇರುವುದು ಈ ಪುಟದಲ್ಲಿ, ಹಾಗಾಗಿ ಉತ್ತರವೂ ಉದ್ದವಾಗುತ್ತದೆ.

ಮಳೆಗಾಲ ಕಳೆದು ಕಡಲು ಶಾಂತವಾದ ದಿನಗಳಲ್ಲಿ ಇಲ್ಲಿ ರಂಪಣಿ ಹಾಕುತ್ತಾರೆ. ಮೀನಿನ ಹಿಂಡು ದಡದ ಹತ್ತಿರ ಬಂದ ಸುಳಿವು ಸಿಕ್ಕ ಕೂಡಲೇ ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು, ದೋಣಿಯು ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಸಾಗಿ, ಇನ್ನೊಂದು ತುದಿಯನ್ನು ಬಹುದೂರದಲ್ಲಿ ದಡಕ್ಕೆ ತರುತ್ತದೆ. ಆ ಮೇಲೆ ಎರಡೂ ಕಡೆ ಹತ್ತಾರು ಜನ ಹಗ್ಗ ಹಿಡಿದು, ಮರಳಿನಲ್ಲಿ ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ಎಳೆಯುತ್ತಾರೆ. ಹಿಂದೆ ಹೋದಂತೆ ಸಾಲಿನ ಕೊನೆಯವನು ಹಗ್ಗ ಬಿಟ್ಟು ಮುಂದೆ ಓಡಿ ಬಂದು ನೀರಿನ ಅಂಚಿನಲ್ಲಿ ಮತ್ತೆ ಹಿಡಿಯುತ್ತಾನೆ. ಎರಡು ಸಾಲುಗಳು ನಿಧಾನವಾಗಿ ಒಂದಕ್ಕೊಂದು ಹತ್ತಿರ ಸರಿಯುತ್ತ ಬರುವ ಈ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಬಲೆಯ ಹೊಟ್ಟೆ ದಡ ಮುಟ್ಟುವ ಹೊತ್ತಿಗೆ ಮೇಲೆ ಗಿಡುಗಗಳು, ಕೆಳಗೆ ಬುಟ್ಟಿ ಹಿಡಿದ ಹೆಂಗಸರು, ನಡುವೆ ನಾಯಿಗಳು. ಬಂಗಡೆಯೋ ತಾರ್ಲೆಯೋ ಬಂದಿದ್ದರೆ ಮರಳೇ ಬೆಳ್ಳಗೆ ಕುದಿದಂತೆ ಕಾಣುತ್ತದೆ. ಎಷ್ಟೋ ದಿನ ಬರುವುದು ನಾಲ್ಕು ಬುಟ್ಟಿ ಸಣ್ಣ ಮೀನು ಮತ್ತು ಒಂದು ರಾಶಿ ಪ್ಲಾಸ್ಟಿಕ್. ಬಂದದ್ದು ಎಷ್ಟೇ ಇರಲಿ, ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೊಂದು ಪಾಲು ಆಗಲೇಬೇಕು.

ಕೈಪಿಡಿಯ ಲೇಖಕರು ಬಹುಶಃ ಬಲೆ ಬೀಳದ ದಿನ ಬಂದಿರಬೇಕು. ಮರದಡಿ ಮುಚ್ಚಿಟ್ಟ ಬಲೆಯ ರಾಶಿಯನ್ನು ಅವರು "ಬಿಸಾಡಿದ ಹಳೆಯ ಬಲೆಗಳು" ಎಂದು ಬರೆದಿದ್ದಾರೆ. ಅದನ್ನು ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದಾಗ ಒಬ್ಬ ಹಿರಿಯರು ನಗಲೂ ಇಲ್ಲ, ಬೈಯಲೂ ಇಲ್ಲ. "ಅದರ ಬೆಲೆ ಕೇಳಿ ಹೋಗಬೇಕಿತ್ತು ಅವರು" ಎಂದಷ್ಟೇ ಹೇಳಿದರು. 1970ರ ದಶಕದ ಕೊನೆಯಲ್ಲಿ ಕಡಲಿನಲ್ಲೇ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಯಾಂತ್ರಿಕ ಪರ್ಸಿನ್ ಬೋಟುಗಳು ಬಂದ ಮೇಲೆ ರಂಪಣಿ ಸೊರಗಿತು, ಎಷ್ಟೋ ಊರುಗಳಲ್ಲಿ ನಿಂತೇ ಹೋಯಿತು. ಇಲ್ಲಿ ಉಳಿದಿರುವುದು ಈ ಮರಳು ಉಳಿದಿರುವುದರಿಂದ. ಬಂದರು ವಿಸ್ತರಣೆಯ ಕಾಮಗಾರಿ ಈ ತೀರವನ್ನು ನುಂಗುತ್ತದೆಂದು 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದಾಗ ಪೇಟೆಯ ಅಂಗಡಿಗಳೂ ಬಾಗಿಲು ಹಾಕಿ ಜೊತೆ ನಿಂತವು. ವಿಷಯ ಹೈಕೋರ್ಟಿಗೂ ಹೋಯಿತು. ಊರಿಗೆ ಊರೇ ಎದ್ದು ನಿಂತ ಜಾಗವನ್ನು ನಿರ್ಜನ ಎಂದರೆ ಕೇಳಿದವರಿಗೆ ಹೇಗಾಗಬೇಡ?

ರಂಪಣಿ ಎಳೆಯುವಾಗ ಪ್ರವಾಸಿಗರು ಏನು ಮಾಡಬೇಕು?

ಹಗ್ಗವನ್ನು ದಾಟಬೇಡಿ, ತುಳಿಯಬೇಡಿ. ಎಳೆತದಲ್ಲಿರುವ ಹಗ್ಗ ಜಾರಿ ಬಂದರೆ ಕಾಲಿನ ಚರ್ಮ ಸುಲಿದು ಹೋಗುತ್ತದೆ. ಎರಡು ಸಾಲುಗಳ ನಡುವೆ ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ಬೇಡ. ಕೈ ಕೊಡಬೇಕೆನಿಸಿದರೆ ಕೇಳಿ, ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ನಮ್ಮಲ್ಲಿ ಉಳಿದಿದ್ದ ಹುಡುಗನೊಬ್ಬ ಒಂದು ಗಂಟೆ ಹಗ್ಗ ಎಳೆದು, ಅಂಗೈ ಬೊಬ್ಬೆ ಎದ್ದು, ಪಾಲಿಗೆ ಬಂದ ಐದು ಬಂಗಡೆಗಳನ್ನು ತೆಂಗಿನ ಗರಿಗೆ ಪೋಣಿಸಿಕೊಂಡು ಮನೆಗೆ ಬಂದಿದ್ದ. ಆತ ಆಮೇಲೆ ಕೈಪಿಡಿಯನ್ನು ತೆರೆಯಲಿಲ್ಲ.

ಅರ್ಗಾ ಕಡಲತೀರಕ್ಕೆ ಹೋಗುವ ದಾರಿ ಯಾವುದು?

ದಾರಿ ಇಲ್ಲ. ಅರ್ಗಾ ಈಗ ನೌಕಾನೆಲೆಯ ಒಳಗಿದೆ. ಹಳೆಯ ಕೈಪಿಡಿಗಳಿಂದ ನಕಲು ಮಾಡಿದ ಪುಟವಿದು ಎಂದು ಕಾಣುತ್ತದೆ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ನೆಲೆಯು "ಐಎನ್‌ಎಸ್ ಕದಂಬ" ಎಂಬ ಹೆಸರಿನಲ್ಲಿ 2005ರ ಮೇ 31ರಂದು ಸೇವೆಗೆ ಸೇರಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಯ ಹಲವು ಹಳ್ಳಿಗಳು ಎದ್ದು ಹೋದವು. ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಜಾಗ, ಊರದೇವರ ಗುಡಿ ಇವನ್ನೆಲ್ಲ ಬಿಟ್ಟು ಬಂದವರು ತೋಡೂರಿನಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದರು; ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಕ್ಕೆ ಅಲೆದರು. ನಿಮ್ಮ ರಿಕ್ಷಾದವರೋ ನಿಮಗೆ ಊಟ ಬಡಿಸುವವರೋ ಆ ಮನೆತನದವರೇ ಆಗಿರಬಹುದು. "ಅರ್ಗಾ ಬೀಚ್ ಎಲ್ಲಿ?" ಎಂದು ಕೇಳಿದಾಗ ಅವರು ಒಂದು ಗಳಿಗೆ ಸುಮ್ಮನಾದರೆ ಕಾರಣ ಇದೇ.

ಹೆದ್ದಾರಿಯಲ್ಲಿ ಆ ಭಾಗ ದಾಟುವಾಗ ಫೋಟೊ, ವಿಡಿಯೊ, ಡ್ರೋನ್ ಯಾವುದೂ ಬೇಡ. ಫಲಕಗಳಿವೆ, ಕಾವಲಿದೆ, ವಿಚಾರಣೆಯೂ ಆಗುತ್ತದೆ.

ಅಂಜುದೀವ್ ದ್ವೀಪಕ್ಕೆ ದೋಣಿ ಸಿಗುತ್ತದೆಯೇ?

ಸಿಗುವುದಿಲ್ಲ. ದ್ವೀಪವು ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಸ್ವಾಧೀನದಲ್ಲಿ ನೌಕಾಪಡೆಯದ್ದು. 1498ರಲ್ಲಿ ವಾಸ್ಕೊ ಡ ಗಾಮ ಅಲ್ಲಿ ತಂಗಿದ್ದು, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದು, 1961ರ ಡಿಸೆಂಬರಿನಲ್ಲಿ ನಮ್ಮ ನಾವಿಕರು ಪ್ರಾಣ ಕೊಟ್ಟು ಅದನ್ನು ಬಿಡಿಸಿಕೊಂಡದ್ದು, ಇವೆಲ್ಲ ಓದಿ ತಿಳಿಯಬೇಕಾದ ಸಂಗತಿಗಳಾಗಿಯೇ ಉಳಿದಿವೆ.

ಹಾಗಾದರೆ ಕೂರ್ಮಗಡ ದ್ವೀಪಕ್ಕೆ?

ಹೋಗಬಹುದು, ಆದರೆ ಕೈಪಿಡಿ ಹೇಳುವ ಹಾಗೆ "ಯಾವ ಮೀನುಗಾರನನ್ನು ಕೇಳಿದರೂ ಕರೆದೊಯ್ಯುತ್ತಾನೆ" ಎಂಬ ಲೆಕ್ಕದಲ್ಲಿ ಹೋಗಬಾರದು. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಯಂದು ನಡೆಯುತ್ತದೆ. ಅಂದು ಬಾಳೆಗೊನೆ ಹಿಡಿದು ಇಡೀ ಕಡಲಂಚಿನ ಜನ ದೋಣಿ ಹತ್ತುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅಂದಿನಿಂದ ಈ ಊರಿನಲ್ಲಿ ದೋಣಿಯ ಮಾತು ಬಂದಾಗ ಯಾರೂ ಹಗುರವಾಗಿ ಉತ್ತರ ಕೊಡುವುದಿಲ್ಲ. ಅನುಮತಿ ಇರುವ ದೋಣಿ, ಎಲ್ಲರಿಗೂ ಜೀವರಕ್ಷಕ ಅಂಗಿ, ಮಿತಿಯೊಳಗಿನ ಜನ, ಈ ಮೂರರಲ್ಲಿ ಒಂದು ತಪ್ಪಿದರೂ ದಡದಲ್ಲೇ ಉಳಿಯಿರಿ. ದೋಣಿಯವರು "ಇವತ್ತು ಬೇಡ" ಎಂದರೆ ಹೆಚ್ಚಿನ ದುಡ್ಡು ತೋರಿಸಬೇಡಿ.

ನೀರುದೋಸೆ, ಚಿಕನ್ ಘೀ ರೋಸ್ಟ್ ಚೆನ್ನಾಗಿ ಸಿಗುವ ಜಾಗ ಯಾವುದು?

ಘೀ ರೋಸ್ಟ್‌ಗೆ ಕುಂದಾಪುರಕ್ಕೆ ಹೋಗಬೇಕು. ಇಲ್ಲಿಯೂ ಹೋಟೆಲುಗಳಲ್ಲಿ ಮಾಡಿ ಕೊಡುತ್ತಾರೆ, ಕೇಳುವವರು ಹೆಚ್ಚಾಗಿರುವುದರಿಂದ. ಕರಾವಳಿ ಎಂದರೆಲ್ಲ ಒಂದೇ ಅಡುಗೆ, ಒಂದೇ ಭಾಷೆ, ಒಂದೇ ಭೂತಕೋಲ ಎಂದು ಕೈಪಿಡಿ ತಿಳಿದಂತಿದೆ.

ಇಲ್ಲಿಯ ಮನೆಯ ಊಟವೆಂದರೆ ಕುಚಲಕ್ಕಿ ಅನ್ನ, ಕಾಯಿ ಅರೆದು ಮಾಡಿದ ಮೀನಿನ ಹುಮಣ, ರವೆಯಲ್ಲಿ ಹೊರಳಿಸಿ ಹುರಿದ ಒಂದು ತುಂಡು, ಕೊನೆಗೆ ಮುರುಗಲಿನ ಸೋಲಕಡಿ. ಬಂಗಡೆಗೆ ತಿರ್ಫಳ ಹಾಕಲೇಬೇಕು. ಒಣಗಿದ ಆ ಪುಟ್ಟ ಕಾಯಿಯನ್ನು ಜಜ್ಜಿ ಹಾಕಿದಾಗ ಬರುವ ಘಾಟು, ನಾಲಿಗೆಯ ತುದಿ ಸ್ವಲ್ಪ ಜೋಮು ಹಿಡಿದಂತಾಗುವುದು, ಇವಿಲ್ಲದ ಬಂಗಡೆಯ ಸಾರನ್ನು ನಮ್ಮ ಅತ್ತೆಯವರು "ರೋಗಿಗಳಿಗೆ ಮಾಡಿದ್ದಾ?" ಎಂದು ಕೇಳುತ್ತಿದ್ದರು. ಕಾಳಿಯ ಅಳಿವೆಯಲ್ಲಿ ಇಳಿತದ ಹೊತ್ತು ಮೊಣಕಾಲುದ್ದ ನೀರಿನಲ್ಲಿ ಬಾಗಿ ನಿಂತ ಹೆಂಗಸರು ಹೆಕ್ಕುವುದು ತಿಸ್ರೆ ಚಿಪ್ಪುಗಳನ್ನು. ಅದರ ಸುಕ್ಕೆ ಸಿಕ್ಕರೆ ಬಿಡಬೇಡಿ. ಕೈಪಿಡಿಯು ಇವರನ್ನು "ಶಂಖ ಆಯುವವರು" ಎಂದು ಕರೆದಿದೆ.

ಎರಡು ವ್ಯಾವಹಾರಿಕ ಮಾತುಗಳು. ಸೋಮವಾರ ಮತ್ತು ಗುರುವಾರ ಮೀನು ತಿನ್ನದ ಮನೆಗಳು ಇಲ್ಲಿ ಬಹಳ. ಆ ದಿನ ಮಾರುಕಟ್ಟೆ ಮಂಕಾಗಿದ್ದರೆ ಮೀನಿಲ್ಲವೆಂದು ತಿಳಿಯಬೇಡಿ, ಕೊಳ್ಳುವವರಿಲ್ಲ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ "ಇಂದಿನ ತಾಜಾ ಇಸೋಣ ಮೀನು" ಎಂದು ಯಾರಾದರೂ ಹೇಳಿದರೆ ಅದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಎಷ್ಟು ದಿನ ಕಳೆದಿದೆ ಎಂದು ನಯವಾಗಿ ಕೇಳಬಹುದು. ಆ ಎರಡು ತಿಂಗಳು ನಮ್ಮ ಮನೆಗಳಲ್ಲಿ ನಡೆಯುವುದು ಒಣಮೀನಿನ ರಾಜ್ಯಭಾರ. ಮಳೆ ಹಿಡಿಯುವ ಮೊದಲು ರವಿವಾರದ ಸಂತೆಯಲ್ಲಿ ಅದನ್ನು ಕಟ್ಟಿಕೊಂಡು ಬರುವುದು ಛಾವಣಿಯ ಹಂಚು ಕೈಯಾಡಿಸಿದಷ್ಟೇ ಮುಖ್ಯವಾದ ಕೆಲಸ.

ಮೀನು ಮಾರುವ ಹೆಂಗಸರು ಪ್ರವಾಸಿಗರಿಗೆ ಹೆಚ್ಚು ಬೆಲೆ ಹೇಳುತ್ತಾರಂತೆ, ಹೌದೇ?

ಎಲ್ಲರಿಗೂ ಹೇಳುತ್ತಾರೆ. "ಅಕ್ಕಾ, ಸ್ವಲ್ಪ ನೋಡಿ ಹೇಳಿ" ಎಂದು ಶುರು ಮಾಡಿ. ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ ಎಂಬ ಕೈಪಿಡಿಯ ಉಪದೇಶವನ್ನು ಪಾಲಿಸಿದರೆ ಮೀನು ಸಿಗುವುದಿಲ್ಲ, ಕೊಂಕಣಿಯಲ್ಲಿ ನಾಲ್ಕು ಮಾತು ಸಿಗುತ್ತವೆ.

ಕಾರವಾರದಲ್ಲಿ ತುಳು ಮಾತಾಡುತ್ತಾರೆಯೇ? ಕನ್ನಡ ನಡೆಯುತ್ತದೆಯೇ?

ತುಳು ಇಲ್ಲಿಯ ಭಾಷೆಯಲ್ಲ. ಅದರ ನಾಡು ಉಡುಪಿ, ದಕ್ಷಿಣ ಕನ್ನಡದ ಕಡೆ. ಕಾರವಾರದ ಬಹಳಷ್ಟು ಮನೆಗಳಲ್ಲಿ ಕೊಂಕಣಿ, ಶಾಲೆ ಮತ್ತು ಕಚೇರಿಗಳಲ್ಲಿ ಕನ್ನಡ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಮರಾಠಿ ಶಾಲೆಯಲ್ಲಿ ಕಲಿತ ಹಿರಿಯರೂ ಇದ್ದಾರೆ. ಒಂದೇ ಅಂಗಡಿಯಲ್ಲಿ ಅಜ್ಜ ಮರಾಠಿಯಲ್ಲಿ ಲೆಕ್ಕ ಹೇಳಿ, ಮಗ ಕೊಂಕಣಿಯಲ್ಲಿ ಚೌಕಾಸಿ ಮಾಡಿ, ಮೊಮ್ಮಗಳು ಕನ್ನಡದಲ್ಲಿ ಚೀಟಿ ಬರೆದುಕೊಡುವುದನ್ನು ನೀವು ನೋಡಬಹುದು. ನಿಮಗೆ ಕನ್ನಡ ಬಂದರೆ ಎಲ್ಲಿಯೂ ತೊಂದರೆಯಾಗದು. ನಮ್ಮ ಕನ್ನಡ ನಿಮಗೆ ಸ್ವಲ್ಪ ಬೇರೆಯಾಗಿ ಕೇಳಿದರೆ ಅದನ್ನು "ಗೋವಾದ ಕನ್ನಡ" ಎಂದು ಮಾತ್ರ ಕರೆಯಬೇಡಿ.

ಮಣಿಸರ ಧರಿಸಿದ "ಬುಡಕಟ್ಟು ಮಹಿಳೆಯರ" ಫೋಟೊ ಎಲ್ಲಿ ತೆಗೆಯಬಹುದು?

ಈ ಪ್ರಶ್ನೆಯನ್ನು ಹೀಗೆ ಕೇಳುವುದನ್ನು ಕೈಪಿಡಿಯೇ ಕಲಿಸಿದೆ. ಅವರು ಹಾಲಕ್ಕಿ ಒಕ್ಕಲಿಗರು. ತರಕಾರಿ, ಹೂವು, ಸೊಪ್ಪು ಮಾರಲು ಪೇಟೆಗೆ ಬರುವವರು. ಹಾಡಿನಿಂದ ಹೆಸರಾದ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಸಲಹಿದ ತುಳಸಿ ಗೌಡ, ಪದ್ಮಶ್ರೀ ಪಡೆದ ಈ ಇಬ್ಬರೂ ಇದೇ ಸಮುದಾಯದ, ಪಕ್ಕದ ಅಂಕೋಲಾ ತಾಲ್ಲೂಕಿನ ಹೆಂಗಸರು. ರಸ್ತೆಯ ಆಚೆ ನಿಂತು ಜೂಮ್ ಮಾಡಿ ಫೋಟೊ ಹೊಡೆಯುವುದಕ್ಕಿಂತ, ಬುಟ್ಟಿಯ ಮುಂದೆ ಕುಳಿತು ಒಂದು ಕಟ್ಟು ಬಸಳೆ ಕೊಂಡು, ಆ ಮೇಲೆ ಫೋಟೊ ತೆಗೆಯಬಹುದೇ ಎಂದು ಕೇಳಿ. ಬೇಡ ಎಂದರೆ ಬಸಳೆಯಂತೂ ನಿಮ್ಮದಾಗಿರುತ್ತದೆ. ಮೇ ತಿಂಗಳಾಗಿದ್ದರೆ ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣನ್ನೂ ಕೊಳ್ಳಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಸಿಪ್ಪೆ ತೆಳು, ದೂರದ ಪ್ರಯಾಣ ತಡೆಯದು, ಇಲ್ಲಿಯೇ ತಿನ್ನಬೇಕು.

ಮಳೆಗಾಲದಲ್ಲಿ ಬರುವುದು ಸೂಕ್ತವೇ?

ಕೈಪಿಡಿಯ ಪ್ರಕಾರ ಜಲಪಾತಗಳಿಗೆ ಅದೇ "ಅತ್ಯುತ್ತಮ ಸಮಯ". ನಮ್ಮ ಪ್ರಕಾರ ಅದೇ ಅವುಗಳಿಂದ ದೂರ ಇರಬೇಕಾದ ಸಮಯ. ಚೆಂಡಿಯಾದ ನಾಗರಮಡಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ವಿಹಾರಕ್ಕೆ ಬಂದಿದ್ದವರು ಏಕಾಏಕಿ ಏರಿದ ನೀರಿಗೆ ಸಿಕ್ಕಿ ಜೀವ ಕಳೆದುಕೊಂಡರು. ಕೆಳಗೆ ಬಿಸಿಲಿದ್ದರೂ ಗುಡ್ಡದ ಮೇಲೆ ಮಳೆ ಸುರಿದರೆ ನೀರು ಗೋಡೆಯಂತೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ನದಿಯಿಂದ ಎತ್ತಲು ಸೆಪ್ಟೆಂಬರಿನ ಕೊನೆಯ ವಾರವೇ ಬರಬೇಕಾಯಿತು. ಆ ಅಂಗಡಿಯಲ್ಲಿ ಚಹಾ ಕುಡಿಯದೆ ಕುಮಟಾಕ್ಕೆ ಹೋದವರು ನಮ್ಮಲ್ಲಿ ಕಡಿಮೆ.

ಮಳೆಯನ್ನೇ ನೋಡಬೇಕೆಂದು ಬರುವವರು ಬರಲಿ. ಆದರೆ ಕೋಣೆಯ ಕಿಟಕಿ, ಹೊಳೆಯ ಈಚೆ ದಡ, ಬಿಸಿ ಗಂಜಿ, ಸುಟ್ಟ ಒಣಮೀನು ಇಷ್ಟರಲ್ಲಿ ತೃಪ್ತಿ ಪಡಬೇಕು. ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಎಚ್ಚರಿಕೆ ಬಂದರೆ ನದಿಯಂಚಿಗೆ ಹೋಗುವ ಯೋಚನೆಯನ್ನೇ ಬಿಡಬೇಕು.

ಮುಖಪುಟದ ಚಿತ್ರದಲ್ಲಿರುವ ಕಾಳಿ ಸೇತುವೆಯ ಮೇಲಿಂದ ಸೂರ್ಯಾಸ್ತ ನೋಡಬಹುದೇ?

ಚಿತ್ರದಲ್ಲಿ ಜೋಡಿ ಸೇತುವೆಗಳಿವೆ. ಅವುಗಳಲ್ಲಿ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನದಿಗೆ ಬಿದ್ದಿತು. ಚಾಲಕನನ್ನು ಜೀವಸಹಿತ ಎತ್ತಿದರು. ನಮ್ಮ ಮನೆಗೆ ಕೇಳಿಸಿದ್ದು ಗುಡುಗಿನಂಥ ಸದ್ದು, ಆಮೇಲೆ ನಾಯಿಗಳ ಬೊಗಳು. ಸದಾಶಿವಗಡದ ಕಡೆಯ ಮಕ್ಕಳು ಶಾಲೆಗೆ, ನಮ್ಮ ಕಡೆಯವರು ನೆಂಟರ ಮನೆಗೆ ದಿನವೂ ದಾಟುತ್ತಿದ್ದ ನಾಲ್ಕು ದಶಕಗಳ ಸೇತುವೆ ಬೆಳಗಾಗುವುದರೊಳಗೆ ನೀರಿನಲ್ಲಿ ತುಂಡು ತುಂಡಾಗಿ ಬಿದ್ದಿತ್ತು. ಉಳಿದ ಹೊಸ ಸೇತುವೆಯ ಮೇಲೆ ಎರಡೂ ಕಡೆಯ ವಾಹನಗಳು ಓಡತೊಡಗಿದವು. ಹೆದ್ದಾರಿಯ ಸೇತುವೆ ನಿಂತು ನೋಡುವ ಜಾಗವಲ್ಲ. ಸೂರ್ಯಾಸ್ತಕ್ಕೆ ಸದಾಶಿವಗಡದ ಗುಡ್ಡ ಹತ್ತಿ. ಸೋಂದೆ ಅರಸರ ಕಾಲದ ಕೋಟೆಯ ಅವಶೇಷವೂ ಅಲ್ಲಿದೆ, ನದಿ ಕಡಲಿಗೆ ಸೇರುವುದೂ ಕಾಣುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಮಾಡಿರುವ ಮರದ ಕಾಲುದಾರಿಗೆ ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು, ಸಂಜೆ ಸೊಳ್ಳೆ.

ಗೋವಾದಿಂದ ಅಗ್ಗದ ಮದ್ಯ ತರಬಹುದೇ?

ತರಬೇಡಿ. ಮಾಜಾಳಿಯಲ್ಲಿ ತನಿಖಾ ಠಾಣೆ ಇದೆ, ಸಿಕ್ಕಿಬಿದ್ದರೆ ಪ್ರಕರಣ ದಾಖಲಾಗುತ್ತದೆ. "ಒಂದೆರಡು ಬಾಟಲಿಗೆ ಯಾರೂ ಕೇಳುವುದಿಲ್ಲ" ಎಂಬ ಸಾಲಿನ ಪಕ್ಕದಲ್ಲಿ ರಿಕ್ಷಾ ನಿಲ್ದಾಣದವರು ಬರೆದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಊರು ರಾತ್ರಿ ಬೇಗ ಮಲಗುತ್ತದೆ, ಮಾಡಲು ಏನೂ ಇಲ್ಲ ಎಂದು ಕೈಪಿಡಿ ದೂರುತ್ತದೆ. ನಿಮ್ಮ ಅಭಿಪ್ರಾಯ?

ಒಪ್ಪುತ್ತೇವೆ. ಬೈತಖೋಲದ ದಕ್ಕೆಯಲ್ಲಿ ಕೆಲಸ ಮಾಡುವವರು ನಸುಕಿನಲ್ಲಿ ಏಳಬೇಕು.

ಹಾಗಾದರೆ ಕೈಪಿಡಿಯಲ್ಲಿ ಸರಿಯಾದದ್ದು ಏನೂ ಇಲ್ಲವೇ?

ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಿಳ್‌ಮಾತಿಯ ಬಗ್ಗೆ ಬರೆದ ಎರಡು ಪುಟಗಳು ಚೆನ್ನಾಗಿವೆ. ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ಸಿಗುವ ಆ ಸಣ್ಣ ತೀರದ ಮರಳು ಎಳ್ಳಿನಂತೆ ಕಪ್ಪು. ತಿಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಲೇಖಕರು ಮಂಡಿಯೂರಿ ಕುಳಿತು, ಮರಳನ್ನು ಅಂಗೈಯಲ್ಲಿ ಹಾಕಿಕೊಂಡು, ಹತ್ತಿರದಿಂದ ನೋಡಿ ಬರೆದಿದ್ದಾರೆ. ಈ ಊರಿನಲ್ಲಿಯೇ ಹುಟ್ಟಿದ ನಾನು ಅಲ್ಲಿಗೆ ಹೋದದ್ದು ಒಂದೇ ಸಲ, ಅದೂ ಶಾಲೆಯವರು ಕರೆದೊಯ್ದಾಗ. ಕಡಲತೀರದಲ್ಲಿ ಸಂಜೆಯ ತಿಂಡಿ ತಿಂದು ಪ್ಲಾಸ್ಟಿಕ್ ತಟ್ಟೆ ಎಸೆದು ಹೋಗುವವರು ಹೆಚ್ಚಾಗಿ ಊರಿನವರೇ ಎಂದೂ ಅವರು ಬರೆದಿದ್ದಾರೆ. ಆ ಸಾಲಿನ ಅಂಚಿನಲ್ಲಿ ಯಾರೂ ಏನೂ ಬರೆದಿಲ್ಲ.

ಕೊನೆಯ ಅಧ್ಯಾಯದ "ಯಾರಿಗೂ ಗೊತ್ತಿಲ್ಲದ ಗುಪ್ತ ತೀರ" ಎಲ್ಲಿದೆ?

ಎಲ್ಲಿದೆ ಎಂದು ಗೊತ್ತು, ದಾರಿ ಹೇಳುವುದಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ಆ ಭಾಗದ ತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನುಗಾರರು ಗೂಡು ಕಂಡ ಕೂಡಲೇ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬಲೆಯ ಬೇಲಿ ಕಟ್ಟುತ್ತಾರೆ, ಮರಿ ಹೊರಡುವವರೆಗೆ ನಾಯಿ, ನರಿಗಳಿಂದ ಕಾಯುತ್ತಾರೆ. ರಾತ್ರಿ ಅಲ್ಲಿ ಗುಡಾರ ಹಾಕಿ ಬೆಂಕಿ ಹೊತ್ತಿಸಿದರೆ ಮರಿಗಳು ಕಡಲನ್ನು ಬಿಟ್ಟು ಬೆಳಕಿನ ಕಡೆಗೆ ತೆವಳುತ್ತವೆ. ಹಗಲಿನಲ್ಲಿ ಹೋಗುವ ಮನಸ್ಸಿದ್ದರೆ ಮೊದಲು ಕೇರಿಯಲ್ಲಿ ಕೇಳಿ. ಅಲ್ಲಿಯವರು ಬಾ ಎಂದರೆ ಅವರೇ ದಾರಿ ತೋರಿಸುತ್ತಾರೆ.